ಮರಿ ಕರೆಯುವ ಕೂಗು

ನೌಬಾದ, ಬೀದರ
೯ ಜುಲೈ ೨೦೨೪

ಅಕ್ಕ ಅಂಜನಾಬಾಯಿಗೆ ತಮ್ಮ ಶಿವಕಾಂತನ ಶರಣು.

ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಆರಾಮ ಇದ್ದೇವೆ. ಮನೆ ಮನೆಗೆ ಫೋನಿರುವಾಗ ಇವನಿಗೇನು ಹುಚ್ಚು ಎಂದು ಖಟಕ ಚಿಂಚೋಳಿಯ ನಿನ್ನ ಕಟ್ಟೆಯ ಮೇಲೆ ಕೂತು ನಿನ್ನ ಯಜಮಾನ ಗೋರಖನಾಥ ಮಾಮಾನ ಮುಂದೆ ಗೊಣಗುತ್ತಿರುತ್ತೀ, ಗೊತ್ತು. ಏನು ಮಾಡಲಿ? ಕಂಡಕ್ಟರ್ ನೌಕರಿಯಲ್ಲಿ ಎಡಗಿವಿಯನ್ನು ಬಸ್ಸಿನ ಇಂಜಿನ್ನಿಗೆ ಕೊಟ್ಟು ಬಂದೆ. ಬಲಗಿವಿಗೆ ಫೋನು ಹಿಡಿದರೆ ಡಬ್ಬಿಯಲ್ಲಿ ಹುಣಸೆ ಬೀಜ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಹೋದ ಸಲ ನೀನು ಅಷ್ಟು ಹೊತ್ತು ಮಾತಾಡಿದೆ, ನಾನು ಹೂಂ ಹೂಂ ಅಂದೆ. ಆಮೇಲೆ ನೋಡಿದರೆ ನಿನ್ನ ಮೊಮ್ಮಗ ಅಮೋಲನ ನಿಶ್ಚಿತಾರ್ಥದ ಪೆಂಡಾಲಿನ ಜವಾಬ್ದಾರಿ ನನ್ನದು ಎಂದು ಒಪ್ಪಿಕೊಂಡಿದ್ದೆನಂತೆ. ಅದಕ್ಕೇ ಕಾಗದ.

ವಿಷಯ ಏನೆಂದರೆ, ನನ್ನ ಮೊಮ್ಮಗಳು ಕಾಜಲ ಎಂ.ಎ. ಓದುತ್ತಿದ್ದಾಳಲ್ಲ, ಅವಳಿಗೆ ಔರಾದದಲ್ಲಿ ಹುಟ್ಟಿ ಬೆಳೆದ ಹಳೆಯ ಮಂದಿಯ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡುವ ಕೆಲಸ ಕೊಟ್ಟಿದ್ದಾರೆ. ಮೊದಲ ಗಿರಾಕಿ ನಾನೇ. ಶುರು ಮಾಡಿದೆ ನೋಡು, ನಿಲ್ಲಿಸಲಿಕ್ಕೇ ಆಗಲಿಲ್ಲ. ನಮ್ಮ ಓಣಿ, ಮಣ್ಣಿನ ಮಾಳಿಗೆ ಮನೆ, ಅಪ್ಪ ನೇಯ್ದ ಕಂಬಳಿಗೆ ಗಟ್ಟಿ ಬರಲೆಂದು ಅವ್ವ ಹುಣಸೆ ಬೀಜದ ಅಂಟು ಸರಿ ಕಾಯಿಸಿ ಹಚ್ಚುತ್ತಿದ್ದದ್ದು, ಆ ವಾಸನೆಗೆ ನಾವು ಮೂಗು ಹಿಡಿದುಕೊಂಡು ಓಡುತ್ತಿದ್ದದ್ದು. ಅಪ್ಪ ಮತ್ತು ಅಣ್ಣ ಹಗಲೆಲ್ಲ ಕುರಿ ಮೇಯಿಸಲು ಹೋದರೆ ಸಣ್ಣ ಮರಿಗಳೆಲ್ಲ ಹಿತ್ತಲ ದಡ್ಡಿಯ ಬೇಲಿಯೊಳಗೆ ಅವ್ವನ ಸುಪರ್ದಿಗೆ. ಅವ್ವ ನಮ್ಮನ್ನು ಕನ್ನಡದಲ್ಲಿ ಬೈಯುತ್ತಿದ್ದಳು, ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು, ಪಕ್ಕದ ಮನೆ ಬಳೆಗಾರ್ತಿ ಕುಲಸುಮಬೀ ಜೊತೆ ಉರ್ದುವಿನಲ್ಲಿ ನಗುತ್ತಿದ್ದಳು, ಮರಿಗಳ ಜೊತೆ ಮಾತ್ರ ಈ ಮೂರೂ ಅಲ್ಲದ ಯಾವುದೋ ಭಾಷೆ ಎಂದೆ.

ಕಾಜಲ ಕೇಳಿದಳು: "ಮುತ್ಯಾ, ದೊಡ್ಡಾಯಿ ಫೋಟೋ ಒಂದರೇ ಅದಾ?"

ಇಲ್ಲ ಎಂದೆ. ಅವ್ವನ ಫೋಟೋ ಎಲ್ಲಿಂದ ಬರಬೇಕು? ಅವಳ ಸೀರೆ ಇಲ್ಲ, ಬಳೆ ಇಲ್ಲ, ಬೀಸುವ ಕಲ್ಲು ಕೂಡ ಯಾರ ಮನೆ ಸೇರಿತೋ. ಆಗ ನನಗೆ ಸಂಜೆಯ ಆ ಕೂಗು ನೆನಪಾಯಿತು. ಕುರಿಗಳು ಮರಳಿ ಬರುವ ಹೊತ್ತಿಗೆ ದಡ್ಡಿಯ ಬಾಗಿಲು ತೆಗೆದು, ತಾಯಿಯ ಹಾಲಿಗೆ ಬನ್ನಿ ಎಂದು ಅವ್ವ ಮರಿಗಳನ್ನು ಕರೆಯುತ್ತಿದ್ದ ಕೂಗು. ಅಲ್ಲಿಯೇ ಕೂತು ಕೂಗಿ ತೋರಿಸಿದೆ. ಸೊಸೆ ಒಲೆ ಬಿಟ್ಟು ಓಡಿ ಬಂದಳು. ಕಾಜಲ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ, "ಇದು ಪಕ್ಕಾ ದೊಡ್ಡಾಯಿದೇ ಕೂಗೇನು?" ಎಂದಳು. ನನಗೇ ಅನುಮಾನ ಬಂತು.

ಅಕ್ಕಾ, ಅವ್ವನದು ಅಂತ ಉಳಿದಿರುವುದು ಅದೊಂದೇ. ಅವಳ ಹೆಸರು ಹಚ್ಚಿ ಇಡುವಾಗ ಸುಳ್ಳು ಕೂಗು ಇಡಬಾರದು. ನಾನು ಕೂಗಿದ್ದು ಹೀಗೆ: ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಎರಡು ಸಲ ಟಕ್ ಟಕ್, ಆಮೇಲೆ "ಯೋ" ಎಂದು ಮೇಲೆ ಎಳೆದು, ಕೊನೆಗೆ ದನಿಯನ್ನು ಮೆಲ್ಲಗೆ ಕೆಳಗಿಳಿಸುವುದು. ನೀನು ಹೂಂ ಅಂದರೆ ಕಾಜಲ ಅದನ್ನು ಅವ್ವನ ಹೆಸರಿನಲ್ಲಿ ಇಡುತ್ತಾಳೆ. ಬೇಗ ಬರೆ.

ನಿನ್ನ ತಮ್ಮ
ಶಿವಕಾಂತ


ಖಟಕ ಚಿಂಚೋಳಿ
೨೦ ಜುಲೈ ೨೦೨೪

ಶಿವಕಾಂತನಿಗೆ ಆಶೀರ್ವಾದ.

ಪೋಸ್ಟಿನವನು ಕಾಗದ ಕೊಟ್ಟಾಗ ಓಣಿಯ ಹೆಂಗಸರೆಲ್ಲ ಬಂದು ನಿಂತರು. ಕೋರ್ಟಿನ ನೋಟೀಸೇ ಬಂತೇನೋ ಎಂದುಕೊಂಡಿದ್ದರು. ನಾನು ಗಟ್ಟಿಯಾಗಿ ಓದಿ ಹೇಳಿದೆ. ಪೆಂಡಾಲಿನ ಮಾತಿಗೆ ಬಹಳ ನಕ್ಕರು. ಮಾತು ಕೊಟ್ಟದ್ದು ಕೊಟ್ಟದ್ದೇ, ಪೆಂಡಾಲು ನಿನ್ನದೇ.

ಈಗ ಕೂಗಿನ ವಿಷಯ. ನೀನು ಬರೆದದ್ದು ಅವ್ವನ ಕೂಗೇ ಅಲ್ಲ. ಎಲ್ಲಿಂದ ತಂದೆಯೋ ಆ ಟಕ್ ಟಕ್? ಟಿಕೆಟ್ ಪಂಚ್ ಮಾಡಿ ಮಾಡಿ ತಲೆಯಲ್ಲಿ ಅದೇ ಕೂತಿರಬೇಕು. ಅವ್ವನ ಕೂಗು ಗಂಟಲಿನಿಂದ ಬರುತ್ತಿತ್ತು: "ಹುರ್ರ್ರ್, ಹುರ್ರ್ರ್" ಎಂದು ಉರುಳಿಸಿ, ಕೊನೆಗೆ "ಹೋ" ಎಂದು ಎತ್ತಿ ಬಿಡುವುದು. ನಿನಗೆ ಮೀಸೆ ಬರುವುದಕ್ಕೆ ಮುಂಚೆ ಮನೆ ಬಿಟ್ಟು ಬೀದರ ಸೇರಿದವನು ನೀನು. ಮತ್ತೆ ಎಂದಾದರೂ ಕುರಿಯ ಕಿವಿ ಮುಟ್ಟಿದ್ದೀಯಾ? ನಾನು ಲಗ್ನವಾಗಿ ಬಂದದ್ದೂ ಕುರಿಯವರ ಮನೆಗೇ. ಮುಂಜಾನೆ ಅಂಗನವಾಡಿಯ ಮಕ್ಕಳು, ಸಂಜೆ ದಡ್ಡಿಯ ಮರಿಗಳು, ಹೀಗೇ ನನ್ನ ಆಯುಷ್ಯ ಕಳೆಯಿತು. ಅಂಗನವಾಡಿಯಿಂದ ನಿವೃತ್ತಿಯಾಯಿತು, ಮರಿಗಳಿಂದ ಆಗಿಲ್ಲ. ನಿನ್ನೆ ಸಂಜೆಯೂ ಕರೆದಿದ್ದೇನೆ. ದಿನಾ ಕರೆಯುವ ನಾಲಿಗೆ ಹೇಗೆ ತಪ್ಪುತ್ತದೆ ಹೇಳು.

ಆದರೆ ನಿನ್ನ ಕಾಗದ ಓದಿ ಬಹಳ ಸಂತೋಷವಾಯಿತು. ಅವ್ವನ ಹೆಸರೆತ್ತಲು ಈ ಮನೆಯಲ್ಲಿ ನನಗೆ ಯಾರಿದ್ದಾರೆ? ಇದನ್ನೂ ಕಾಜಲಗೆ ಹೇಳು: ಒಂದು ಕರಿ ಕುರಿ ಮರಿ ಹಾಕಿ, ಅದನ್ನು ಹತ್ತಿರ ಬಿಟ್ಟುಕೊಳ್ಳದೆ ಒದೆಯುತ್ತಿತ್ತು. ಅವ್ವ ಅದರ ತಲೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಮರಿಗೆ ಮೊಲೆ ಹಿಡಿಸುತ್ತಿದ್ದಳು. ಆ ಗುದ್ದಾಟದಲ್ಲಿ ಹಸಿರು ಬಳೆಯೆಲ್ಲ ಒಡೆದವು. ಕುಲಸುಮಬೀ ಗೋಡೆಯ ಮೇಲಿಂದ ಬಗ್ಗಿ, "ಲಚಮಾ, ತೆರೆಕು ಲೋಹೆಕಿ ಚೂಡಿಯಾಂ ಹೋನಾ ಗೇ!" ಎಂದಳು, ನಿನಗೆ ಕಬ್ಬಿಣದ ಬಳೆಯೇ ಬೇಕು ಎಂದು. ಬೈಯುತ್ತಲೇ ಒಳಗೆ ಬಂದು ಎರಡೂ ಕೈಗೆ ಹೊಸ ಬಳೆ ಇಟ್ಟು ಹೋದಳು. ಅವ್ವ ಅವತ್ತು ಆ ಕೈಗಳನ್ನು ಎತ್ತಿ ಎತ್ತಿ ನೋಡಿಕೊಂಡಳು. ಅಷ್ಟು ಖುಷಿಯಾದ ಅವ್ವನನ್ನು ನಾನು ಮತ್ತೆ ನೋಡಿದ ನೆನಪಿಲ್ಲ.

ನಿನ್ನ ಟಕ್ ಟಕ್ ಮಾತ್ರ ರೆಕಾರ್ಡ್ ಮಾಡಿಸಬೇಡ. ಅವ್ವನಿಗೆ ಅವಮಾನ.

ಅಕ್ಕ ಅಂಜನಾ


ನೌಬಾದ
೨ ಆಗಸ್ಟ್ ೨೦೨೪

ಅಕ್ಕಾ,

ನಿನ್ನ "ಹುರ್ರ್ರ್ ಹೋ" ಅನ್ನು ನಾನು ಮನೆಯಲ್ಲಿ ಕೂಗಿ ನೋಡಿದೆ. ಮಗ ನಂದಕುಮಾರ ಹೊರಗೆ ಹೋಗಿ ಯಾವುದೋ ಲಾರಿ ಗಲ್ಲಿಯಲ್ಲಿ ಸಿಕ್ಕಿಕೊಂಡಿದೆಯೇನೋ ಎಂದು ನೋಡಿ ಬಂದ. ಖರೇ ಹೇಳುತ್ತೇನೆ, ಅದು ಅವ್ವನದಲ್ಲ.

ಸಣ್ಣವನಿದ್ದಾಗ ನನಗೆ ಗೊಬ್ಬರ ಎದ್ದದ್ದು ನೆನಪಿದೆಯಾ? ಡಾಕ್ಟರು ದಡಾರ ಅನ್ನುತ್ತಾರಲ್ಲ, ಅದೇ. ಮೈಯೆಲ್ಲ ಕೆಂಪಾಗಿತ್ತು. ಬೆಳಕು ಬೇಡ ಎಂದು ನನ್ನನ್ನು ದಡ್ಡಿಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಹಗಲೆಲ್ಲ ಒಬ್ಬನೇ. ಸಂಜೆ ಯಾವಾಗ ಆಗುತ್ತದೆ ಎಂದು ಕಾಯುತ್ತಿದ್ದೆ, ಯಾಕೆಂದರೆ ಸಂಜೆ ಗೋಡೆಯಾಚೆ ಅವ್ವ ಮರಿ ಕರೆಯುತ್ತಿದ್ದಳು. ಮೊದಲು ಟಕ್ ಟಕ್, ಆಮೇಲೆ ಆ ಉದ್ದನೆಯ ದನಿ. ಅದು ಕೇಳಿದ ಮೇಲೆ ಅವ್ವ ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಮರಿಗಳು ಹಾಲಿಗೆ ಕಾಯುತ್ತಿದ್ದವು, ನಾನು ಅವಳ ಕೈಗೆ ಕಾಯುತ್ತಿದ್ದೆ. ಇದನ್ನು ಹೇಗೆ ಮರೆಯಲಿ?

ಹೋಗಲಿ, ಕಾಗದದ ಮೇಲೆ ಕೂಗನ್ನು ಬರೆದು ಜಗಳವಾಡಿದರೆ ತೀರುವುದಿಲ್ಲ. ಮುಂದಿನ ತಿಂಗಳು ಕಾಜಲ ಭಾಲ್ಕಿಯ ಮೇಲೆ ನಿನ್ನ ಊರಿಗೆ ಬರುತ್ತಾಳೆ. ಅವಳ ಮುಂದೆ ನಿನ್ನದನ್ನು ಕೂಗು. ಎರಡನ್ನೂ ಕೇಳಿ ಅವಳೇ ತೀರ್ಮಾನಿಸಲಿ. ಅಷ್ಟರಲ್ಲಿ ಸ್ವಲ್ಪ ಅಭ್ಯಾಸ ಮಾಡಿಕೋ, ಗಂಟಲು ಕೆಡಿಸಿಕೊಳ್ಳಬೇಡ.

ಶಿವಕಾಂತ


ಖಟಕ ಚಿಂಚೋಳಿ
೨೮ ಆಗಸ್ಟ್ ೨೦೨೪

ತಮ್ಮಾ,

ಹೊಲದ ಹೆಸರುಕಾಯಿ ಬಿಡಿಸುವ ಗಡಿಬಿಡಿ. ಬಿಡಿಸಿ ಹಾಕಿದರೆ ಮಳೆ, ಒಳಗೆ ತಂದರೆ ಬಿಸಿಲು. ನನಗೂ ಗಂಟಲು ಕಟ್ಟಿದೆ. ಕಾಜಲಳನ್ನು ಈಗಲೇ ಕಳಿಸಬೇಡ. ಆಮೇಲೆ ನೋಡೋಣ. ಮಾಮಾ ಆರಾಮ ಇದ್ದಾರೆ. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಅಂಜನಾ


ನೌಬಾದ
೧೪ ಸೆಪ್ಟೆಂಬರ್ ೨೦೨೪

ಅಕ್ಕಾ,

ನಿನಗೆ ಸಿಟ್ಟು ಬಂದಿದೆ. ಸಣ್ಣವಳಿದ್ದಾಗಲೂ ಹೀಗೇ, ಸಿಟ್ಟು ಬಂದರೆ ಕೆಲಸದ ಹೆಸರು ಹೇಳಿ ಮುಖ ತಿರುಗಿಸುತ್ತಿದ್ದೆ. ಲಾರಿಯ ಮಾತು ನಾನು ಬರೆಯಬಾರದಿತ್ತು. ತಪ್ಪಾಯಿತು.

ನಿನ್ನ ಕೂಗೇ ಖರೆ ಎಂದು ಕಾಜಲಗೆ ಹೇಳಿಬಿಟ್ಟಿದ್ದೇನೆ. ಬಾಯಿ ಮಾತಿಗೆ ಹೇಳುತ್ತಿಲ್ಲ, ಕಾರಣ ಇದೆ. ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಬಲಗಿವಿಯೂ ಹೋಯಿತು ಅಕ್ಕಾ. ನಿನಗೆ ಮೊದಲ ಕಾಗದ ಹಾಕಿದ ಮೇಲೆ ಹೋದದ್ದು, ಎರಡು ತಿಂಗಳಾಯಿತು. ಡಾಕ್ಟರು ಮಷೀನು ಹಾಕಿ ನೋಡಿದರು, ಅದರಿಂದಲೂ ಗುಂಯ್ ಅನ್ನುವುದು ಬಿಟ್ಟು ಏನೂ ಇಲ್ಲ. ಮನೆಯಲ್ಲಿ ಎಲ್ಲರೂ ಪಾಟಿಯ ಮೇಲೆ ಬರೆದು ತೋರಿಸುತ್ತಾರೆ. ಕಾಜಲಳ ಮುಂದೆ ಮೊನ್ನೆ ಮತ್ತೆ ಕೂಗಲು ಹೋದೆ. ನನ್ನ ದನಿಯೇ ನನಗೆ ಕೇಳಲಿಲ್ಲ. ಮೇಲೆ ಹೋಯಿತೋ ಕೆಳಗೆ ಬಂತೋ ಗೊತ್ತಾಗಲಿಲ್ಲ. ತಾನು ಕೂಗಿದ್ದನ್ನು ತಾನೇ ಕೇಳಲಾಗದವನು ಅವ್ವನ ಕೂಗಿಗೆ ಸಾಕ್ಷಿ ಹೇಗೆ ಹೇಳಲಿ?

ಬೇಜಾರು ಮಾಡಿಕೊಳ್ಳಬೇಡ. ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಉಂಡು ತಿಂದು ಗುಂಡಗಾಗಿದ್ದೇನೆ. ಪಕ್ಕದ ಮನೆಯ ಟಿ.ವಿ.ಯ ಕಾಟವೂ ತಪ್ಪಿತು. ದೀಪಾವಳಿ ಆದ ಮೇಲೆ ಕಾಜಲ ಬರುತ್ತಾಳೆ. ನಿನ್ನ ಕೂಗನ್ನು ಅವ್ವನ ಹೆಸರಿನಲ್ಲಿ ಕೊಟ್ಟುಬಿಡು.

ಶಿವಕಾಂತ


ಖಟಕ ಚಿಂಚೋಳಿ
೨೫ ಸೆಪ್ಟೆಂಬರ್ ೨೦೨೪

ಶಿವ್ಯಾ,

ಎರಡು ತಿಂಗಳು! ಎರಡು ತಿಂಗಳು ಮುಚ್ಚಿಟ್ಟೆಯಲ್ಲೋ ಭಾಡ್ಯಾ. ನಾನು ಯಾರು ನಿನಗೆ? ನಾನೋ, ನಿನ್ನ ಸೊಸೆ ಫೋನು ಕೊಡುತ್ತಿಲ್ಲ ಎಂದು ಅವಳಿಗೆ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಪಾಪದ ಹುಡುಗಿ. ನಿನ್ನ ಕಾಗದ ಓದಿ ಅವತ್ತೆಲ್ಲ ಊಟ ಸೇರಲಿಲ್ಲ. ಮಾಮಾ, "ಅಳಬ್ಯಾಡ, ಅವಾ ಬರೀತಾನಲ್ಲ, ನೀನೂ ಬರಿ. ಕಣ್ಣು ಛಲೋ ಅವ ಇಬ್ಬರವೂ," ಎಂದು ಸಮಾಧಾನ ಹೇಳಿದರು.

ಈಗ ನನ್ನದು ಕೇಳು. ನನಗೆ ಗಂಟಲೂ ಕಟ್ಟಿರಲಿಲ್ಲ, ಸಿಟ್ಟೂ ಇರಲಿಲ್ಲ. ನಾಚಿಕೆಯಾಗಿತ್ತು.

ಕಾಜಲ ಬರುತ್ತಾಳೆಂದು ಒಂದು ಸಂಜೆ ದಡ್ಡಿಯ ಬಾಗಿಲಲ್ಲಿ ನಿಂತು, ಅವ್ವನನ್ನು ನೆನೆದು ಗಟ್ಟಿಯಾಗಿ ಕೂಗಿದೆ. ಹೊರಸಿನ ಮೇಲೆ ಮಲಗಿದ್ದ ಮಾಮಾ ಎದ್ದು ಕೂತರು.

"ಇವತ್ತೇನು, ಥೇಟ್ ನಮ್ಮವ್ವನಂಗೇ ಒದರ್ಲತ್ತಿ?" ಎಂದರು.

"ನಿಮ್ಮವ್ವಂದಲ್ರಿ, ನಮ್ಮವ್ವಂದು," ಎಂದೆ.

"ಹುಚ್ಚಿ! ಹುಟ್ಟಿದಾಗಿಂದ ಕೇಳೀನಿ ನಾ ಅದನ್ನ. ಕೊನಿಗಿ ಆ 'ಹೋ' ಅಂತ ಎತ್ತೋದು ನಮ್ಮವ್ವಂದೇ. ಇನ್ನೊಮ್ಮಿ ಒದರು ನೋಡೋಣ," ಎಂದರು. ಅವರ ಕಣ್ಣು ಒದ್ದೆಯಾಗಿದ್ದವು.

ಅವರು ಹೇಳಿದ್ದು ಖರೆ, ಶಿವ್ಯಾ. ಲಗ್ನವಾಗಿ ಬಂದ ಹೊಸದರಲ್ಲಿ ನಾನು ಇಲ್ಲಿಯ ಮರಿಗಳನ್ನು ಅವ್ವನ ಹಾಗೆಯೇ ಕರೆದಿದ್ದೆ. ಒಂದೂ ಕದಲಲಿಲ್ಲ. ನನ್ನ ಅತ್ತೆ ಸೋಜರಬಾಯಿ ಸೊಂಟದ ಮೇಲೆ ಕೈಯಿಟ್ಟು ನಕ್ಕಿದ್ದಳು: "ನಿಮ್ಮ ಔರಾದದ ಮಾತು ನನ್ನ ಮರಿಗಿ ತಿಳೆಂಗಿಲ್ಲ ಬೇ. ನಾ ಅಂದಂಗ ಅನ್ನು." ಅಂದೆ. ಅನ್ನುತ್ತಾ ಅನ್ನುತ್ತಾ ಅವಳ ಕೂಗು ನನ್ನ ಬಾಯಿಗೆ ಬಂದು ಕೂತು, ಅವ್ವನದು ಯಾವಾಗ ಎದ್ದು ಹೋಯಿತೋ ನನಗೆ ಗೊತ್ತೇ ಆಗಲಿಲ್ಲ. ಆ ಮುದುಕಿಯ ಜೊತೆ ರೊಟ್ಟಿ ದಪ್ಪವೋ ತೆಳುವೋ ಎಂಬುದರಿಂದ ಹಿಡಿದು ಯಾವುದಕ್ಕೆ ಜಗಳವಾಡಲಿಲ್ಲ ನಾನು? ಅವಳು ಸತ್ತಾಗ ಅತ್ತದ್ದೂ ಕಡಿಮೆಯೇ. ಈಗ ನೋಡಿದರೆ ದಿನಾ ಸಂಜೆ ಅವಳೇ ನನ್ನ ಬಾಯಿಂದ ಕೂಗುತ್ತಿದ್ದಾಳೆ. ನನ್ನ ಹಡೆದವ್ವನ ಹೆಸರಿನಲ್ಲಿ ಅವಳನ್ನು ರೆಕಾರ್ಡಿಗೆ ಕೊಡಲು ಹೊರಟಿದ್ದೆ!

ಅದಕ್ಕೇ ಹೇಳುತ್ತೇನೆ, ನೀನು ಸೋಲಬೇಡ. ಆದರೆ ನೀನೇ ಗೆದ್ದೆ ಎಂದು ಹೇಳಲು ನನಗೆ ಅವ್ವನ ಕೂಗು ಈಗ ಚೂರೂ ನೆನಪಾಗುತ್ತಿಲ್ಲ. ನೆನೆಯಲು ಹೋದರೆ ಸೋಜರಬಾಯಿ ಅಡ್ಡ ಬರುತ್ತಾಳೆ. ಅವ್ವನನ್ನು ಇನ್ನೊಮ್ಮೆ ಕಳೆದುಕೊಂಡ ಹಾಗಾಗಿದೆ.

ಅಕ್ಕ


ನೌಬಾದ
೮ ಅಕ್ಟೋಬರ್ ೨೦೨೪

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ಬಹಳ ನಕ್ಕೆ. ಸೋಜರಬಾಯಿ ಅತ್ತಿ ಸತ್ತ ಮೇಲೂ ನಿನ್ನನ್ನು ಬಿಡಲಿಲ್ಲವಲ್ಲ! ಆಮೇಲೆ ನಗು ನಿಂತಿತು.

ಅಣ್ಣ ಹೋದ, ಅವನ ಹೆಂಡತಿ ಶಾಲುಬಾಯಿ ವೈನಿ ಹೋದಳು. ಕುಲಸುಮಬೀ ಎಂದೋ ಹೋದಳು. ಅವ್ವನನ್ನು ಕೇಳಿದವರಲ್ಲಿ ಉಳಿದವರು ನಾವಿಬ್ಬರೇ. ಒಬ್ಬಳಿಗೆ ನೆನಪಿಲ್ಲ, ಒಬ್ಬನಿಗೆ ಕಿವಿಯಿಲ್ಲ. ಇನ್ನಾರನ್ನು ಕೇಳುವುದು? ಕೂಗಿನ ಮಾತು ಬಿಟ್ಟುಬಿಡು ಎಂದು ಕಾಜಲಗೆ ಹೇಳಿದ್ದೇನೆ. ಬಳೆಯ ಕಥೆಯನ್ನು ಅವಳು ಬರೆದುಕೊಂಡಿದ್ದಾಳೆ, ಅಷ್ಟು ಸಾಕು.

ಅಣ್ಣನ ಮಗ ಮಡೆಪ್ಪ, ಅವ್ವ ಹೋದಾಗ ತೊಟ್ಟಿಲಲ್ಲಿದ್ದವನು, ಹೊಲದಲ್ಲಿ ಹೊಸ ಖೋಲಿ ಕಟ್ಟಿದ್ದಾನಂತೆ, ದೀಪಾವಳಿ ಆದ ಮೇಲೆ ಊಟಕ್ಕೆ ಕರೆದಿದ್ದಾನೆ. ನನಗೆ ಮೊಣಕಾಲು ನೋವು, ಬರಲಾಗುವುದಿಲ್ಲ. ಕಾಜಲ ನಿನ್ನ ಜೊತೆ ಹೋಗುತ್ತಾಳೆ.

ಶಿವಕಾಂತ


ಖಟಕ ಚಿಂಚೋಳಿ
೨೪ ನವೆಂಬರ್ ೨೦೨೪

ಶಿವ್ಯಾ, ಕೂತುಕೊಂಡು ಓದು.

ಮೊಣಕಾಲು ನೋವಂತೆ! ಮಂದಿಯ ನಡುವೆ ಕೇಳದೆ ಕೂತು ಹೂಂ ಹೂಂ ಅನ್ನಬೇಕಲ್ಲ ಎಂಬ ಸಂಕಟ ನಿನ್ನದು, ನನಗೆ ತಿಳಿಯುವುದಿಲ್ಲವೇ? ಬಂದಿದ್ದರೆ ಅವತ್ತೇ ನಿನಗೆ ಎಲ್ಲ ಗೊತ್ತಾಗುತ್ತಿತ್ತು.

ನಾನು, ಕಾಜಲ ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಔರಾದಕ್ಕೆ ಹೋದೆವು. ಪ್ರತಿ ಸಲ ನಾನು ಹೋಗುವುದು ಊರೊಳಗಿನ ಮನೆಗೆ. ಮಧ್ಯಾಹ್ನ ಉಂಡು, ಸಂಜೆ ಬಸ್ಸು ತಪ್ಪೀತೆಂದು ಓಡಿ ಬರುತ್ತಿದ್ದೆ. ಮಡೆಪ್ಪ ಕುರಿಗಳನ್ನು ಊರ ಹೊರಗಿನ ಹೊಲಕ್ಕೆ ಸಾಗಿಸಿ ವರ್ಷಗಳಾದವಲ್ಲ, ಅವುಗಳ ಮುಖವನ್ನೇ ನೋಡಿರಲಿಲ್ಲ. ಈ ಸಲ ಊಟ ಹೊಲದಲ್ಲಿ, ವಸ್ತಿಯೂ ಅಲ್ಲೇ. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿ. ಮಡೆಪ್ಪನ ಹೆಂಡತಿ ಮಾಯಾ ಉದಗೀರ ಕಡೆಯ ಹುಡುಗಿ, ಬಹಳ ಚುರುಕು. ಅವ್ವ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಈ ಮನೆಗೆ ಬಂದವಳು.

ಸಂಜೆ ನಾನು ಖೋಲಿಯೊಳಗೆ ಹೋಳಿಗೆ ಲಟ್ಟಿಸುತ್ತಿದ್ದೆ. ಕಾಜಲ ಪಕ್ಕದಲ್ಲಿ ಕೂತು ಬೇಯಿಸುತ್ತಿದ್ದಳು. ಗೋಡೆಯಾಚೆ ಟಕ್ ಟಕ್ ಎಂದಿತು. ಆಮೇಲೆ "ಯೋ" ಎಂದು ಎದ್ದ ದನಿ, ಮೇಲೆ ಹೋಗಿ, ಮೆಲ್ಲಗೆ ಇಳಿದು ಬಂತು.

ನನ್ನ ಕೈ ಅಲ್ಲೇ ನಿಂತಿತು. ಶಿವ್ಯಾ, ಅವ್ವ ಕರೆಯುತ್ತಿದ್ದಳು! "ಅವ್ವಾ" ಎಂದು ಬಾಯಿಂದ ಬಂದೇಬಿಟ್ಟಿತು. ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಓಡಿದೆ. ದಡ್ಡಿಯ ಬಾಗಿಲಲ್ಲಿ ಮಾಯಾ ನಿಂತಿದ್ದಳು, ನೈಟಿಯ ಮೇಲೊಂದು ಟವೆಲ್ಲು, ಒಂದು ಕೈಯಲ್ಲಿ ಮೊಬೈಲು. ಮರಿಗಳೆಲ್ಲ ಅವಳ ಕಾಲ ಸಂದಿಯಿಂದ ನುಗ್ಗಿ ತಾಯಂದಿರ ಕಡೆ ಓಡುತ್ತಿದ್ದವು.

"ಯಾರ್ ಕಲಿಸಿದ್ರು ಇದನ್ನ ನಿನಗ?" ಎಂದೆ.

ಪಾಪ, ಹೆದರಿಬಿಟ್ಟಳು. "ಯಾಕ್ರಿ ಅತ್ತಿ, ಏನಾಯ್ತ್ರಿ? ನಮ್ಮತ್ತಿ ಕಲಿಸ್ಯಾರ್ರಿ. ಹೊಸದಾಗಿ ಬಂದಾಗ ನಾ 'ಬಾ ಬಾ' ಅಂದ್ರ ಒಂದ ಮರಿನೂ ಬರ್ತಿದ್ದಿಲ್ರಿ. ಅತ್ತಿ ಬೈದು ಬೈದು ಕಲಿಸಿದ್ರು. ಅವರಿಗಿ ಅವರತ್ತಿ ಹಿಂಗೇ ಬೈದು ಕಲಿಸಿದ್ರಂತ್ರಿ."

ಶಾಲುಬಾಯಿ ವೈನಿಯ ಅತ್ತೆ ಎಂದರೆ ಯಾರು? ನಮ್ಮವ್ವ! ನಾನು ಮಾಯಾಳ ಎರಡೂ ಕೆನ್ನೆ ಹಿಡಿದು ಅತ್ತೆ. ಅವಳ ಕೆನ್ನೆಯೆಲ್ಲ ಹಿಟ್ಟು. ಏನೆಂದು ತಿಳಿಯದೆ ಅವಳೂ ಅತ್ತಳು. ಮಡೆಪ್ಪ ಓಡಿ ಬಂದು, "ಏನ್ ಜಗಳ ಆಯ್ತು ನಿಮ್ಮಿಬ್ಬರಿಗಿ?" ಎಂದು ಕೇಳಿದ.

ನಾನೆಂಥ ಪೆದ್ದಿ ನೋಡು. ಸೋಜರಬಾಯಿ ನನಗೆ ಕಲಿಸಿದ್ದನ್ನು ನಿನಗೆ ನಾನೇ ಬರೆದೆ. ಹಾಗಾದರೆ ಅವ್ವನೂ ತನ್ನ ಸೊಸೆಗೆ ಕಲಿಸಿರಬೇಕಲ್ಲವೇ ಎಂದು ಹೊಳೆಯಲಿಲ್ಲ. ನಾವಿಬ್ಬರೇ ಉಳಿದವರು ಎಂದು ನೀನು ಬರೆದಾಗ ನಾನೂ ಹೂಂ ಎಂದುಕೊಂಡೆ. ಹಡೆದ ಮಕ್ಕಳಲ್ಲಿ ಹುಡುಕಿದೆವು, ಅವ್ವ ಸೊಸೆಯಂದಿರ ಬಾಯಲ್ಲಿ ದಿನಾ ಸಂಜೆ ಮರಿ ಕರೆಯುತ್ತಿದ್ದಾಳೆ. ಎಷ್ಟು ಸಮಾಧಾನವಾಯಿತೆಂದು ಹೇಗೆ ಬರೆಯಲಿ.

ನೀನು ಬರೆದದ್ದೇ ಖರೆ. ಟಕ್ ಟಕ್ ಕೂಡ ಖರೆ. ಅಕ್ಕ ಸೋತಳು ಎಂದು ಇಗೋ ಬರೆದುಕೊಟ್ಟಿದ್ದೇನೆ, ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿಕೋ.

ಮರುದಿನ ಸಂಜೆ ಕಾಜಲ ಫೋನು ಹಿಡಿದು ಮಾಯಾಳ ಕೂಗನ್ನು ರೆಕಾರ್ಡ್ ಮಾಡಿಕೊಂಡಳು. ಅದನ್ನು ನಿನಗೆ ಕೇಳಿಸಬೇಕು ಎಂದು ನಾನು ಹಿಗ್ಗಿನಿಂದ ಅಂದೆ. ಅಂದ ಮೇಲೆ ನೆನಪಾಯಿತು. ಕಾಜಲ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಆದರೂ ಹೋಗಿ ಬಾ, ತಮ್ಮಾ. ಕೇಳದಿದ್ದರೂ ಹೋಗು. ನಾನೂ ಬರುತ್ತಿದ್ದೆ, ಮಾಮಾನಿಗೆ ಕೆಮ್ಮು ಹಿಡಿದಿದೆ, ಬಿಟ್ಟು ಬರುವ ಹಾಗಿಲ್ಲ. ಮೊಣಕಾಲಿನ ಹೆಸರು ಹೇಳಿದರೆ ನೋಡು.

ಅಕ್ಕ ಅಂಜನಾ


ಔರಾದ, ಮಡೆಪ್ಪನ ಹೊಲ
೨೨ ಡಿಸೆಂಬರ್ ೨೦೨೪

ಅಕ್ಕಾ,

ಬೀದರಕ್ಕೆ ಮರಳುವ ತನಕ ತಡೆಯಲಾಗದೆ ಇಲ್ಲಿಂದಲೇ ಬರೆಯುತ್ತಿದ್ದೇನೆ. ಕಾಜಲಳ ಜೊತೆ ಬಂದು ಮೂರು ದಿನ ಆಯಿತು. ಜೋಳ ತೆನೆ ಹಾಯ್ದಿದೆ, ಚಳಿ ಗಡಗಡ ನಡುಗಿಸುತ್ತಿದೆ. ಮಡೆಪ್ಪ ಅಪ್ಪ ನೇಯ್ದ ಹಳೆಯ ಕಂಬಳಿಯೊಂದನ್ನು ಹೊದೆಯಲು ಕೊಟ್ಟಿದ್ದಾನೆ. ಅರ್ಧ ಹುಳ ತಿಂದಿದೆ, ಉಳಿದರ್ಧ ಬೆಚ್ಚಗಿದೆ. ಹುಣಸೆ ಬೀಜದ ವಾಸನೆ ಬರುತ್ತದೆಯೋ ಎಂದು ಮೂಗು ಹಚ್ಚಿ ನೋಡಿದೆ, ಇಲ್ಲ.

ಮೊದಲು ಕಾಜಲಳ ಸುದ್ದಿ. ಅವಳು ಎರಡು ಕೂಗನ್ನೂ ಇಡುತ್ತಾಳೆ. ಒಂದಕ್ಕೆ ಅವ್ವನ ಹೆಸರು, ಲಚಮಾಬಾಯಿ, ಔರಾದ. ಇನ್ನೊಂದಕ್ಕೆ, ನಿನ್ನ ಮನೆಯಲ್ಲಿ ನಿನ್ನಿಂದ ಕೂಗಿಸಿಕೊಂಡು ಬಂದಳಲ್ಲ ಅದಕ್ಕೆ, ಸೋಜರಬಾಯಿ, ಖಟಕ ಚಿಂಚೋಳಿ. ಎರಡನೆಯದನ್ನು ಕೂಗಿದವರು ಸೊಸೆ ಅಂಜನಾಬಾಯಿ ಎಂದು ಕೆಳಗೆ ಬರೆಯುತ್ತಾಳಂತೆ. ಅತ್ತೆ ಸೊಸೆ ಇಬ್ಬರೂ ಒಂದೇ ಕಡೆ ಜಗಳವಾಡದೆ ಇರಬೇಕು ಇನ್ನು. ಮಾಮಾನಿಗೆ ಹೇಳು, ಖುಷಿಪಡುತ್ತಾರೆ.

ಮಾಯಾ ಬಹಳ ಒಳ್ಳೆಯವಳು. ಬೇರೆಯವರ ಹಾಗೆ ನನ್ನ ಕಿವಿಯ ಹತ್ತಿರ ಬಂದು ಕಿರುಚುವುದಿಲ್ಲ. ತೋಳು ಮುಟ್ಟಿ ಕರೆಯುತ್ತಾಳೆ, ಕೈಸನ್ನೆ ಮಾಡುತ್ತಾಳೆ. ಮೊದಲ ಸಂಜೆ ನನ್ನನ್ನು ದಡ್ಡಿಯ ಎದುರಿಗೆ ಕುರ್ಚಿ ಹಾಕಿ ಕೂರಿಸಿದಳು. ಅವಳು ಕರೆಯುವುದನ್ನು ನೋಡಿದೆ. ನಾಲಿಗೆ ಎರಡು ಸಲ ಆಡಿತು. ಗಲ್ಲ ಮೇಲೆ ಹೋಯಿತು, ಗಂಟಲು ನಡುಗಿತು, ಆಮೇಲೆ ಗಲ್ಲ ಮೆಲ್ಲಗೆ ಎದೆಯ ಕಡೆ ಇಳಿಯಿತು. ಅವ್ವನೂ ಹಾಗೆಯೇ ಗಲ್ಲ ಇಳಿಸುತ್ತಿದ್ದಳು ಅಕ್ಕಾ. ಅದನ್ನು ನಾನು ಮರೆತೇಬಿಟ್ಟಿದ್ದೆ. ಒಂದು ಕೈ ಕೂಡ ಸೊಂಟದ ಮೇಲೆ. ಯಾರು ಕಲಿಸಿದರು ಅದನ್ನು ಈ ಉದಗೀರದ ಹುಡುಗಿಗೆ? ನನಗೆ ಏನೂ ಕೇಳಲಿಲ್ಲ. ಆದರೂ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ನಿನ್ನೆ ಸಂಜೆ ಕಾಜಲ ಪಾಟಿಯ ಮೇಲೆ ಬರೆದಳು: "ಇವತ್ತು ನೀವು ಕರೀರಿ ಮುತ್ಯಾ."

ಬೇಡ ಎಂದೆ. ಮಡೆಪ್ಪ ಕುರಿಗಳನ್ನು ಹೊಡೆದುಕೊಂಡು ದಿಬ್ಬ ಇಳಿಯುತ್ತಿದ್ದ. ಮಾಯಾ ನನ್ನ ಕೈ ಹಿಡಿದು ಕರೆದೊಯ್ದು ದಡ್ಡಿಯ ಬಾಗಿಲಲ್ಲಿ ನಿಲ್ಲಿಸಿದಳು. ಬಾಗಿಲ ಅಗಳಿ ತೆಗೆದಳು. ತಾನು ನನ್ನ ಹಿಂದೆ ಸರಿದು, ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು, ತಾನು ಸಹಾಯ ಮಾಡುವುದಿಲ್ಲ ಎಂದು ತೋರಿಸಲು.

ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿದೆ. ಕೂಗಿದೆ. ಎದೆಯಲ್ಲಿ ಏನೋ ಅಲುಗಿದ್ದು ಗೊತ್ತಾಯಿತು, ಅಷ್ಟೇ. ಮರಿಗಳು ನಿಂತಲ್ಲೇ ನಿಂತು ನನ್ನನ್ನು ನೋಡಿದವು. ಬಹಳ ಸಂಕೋಚವಾಯಿತು. ಈ ವಯಸ್ಸಿಗೆ ಇದೆಂಥ ಹುಡುಗಾಟ ಎನಿಸಿ ತಿರುಗಿ ಹೊರಡಬೇಕು ಎಂದುಕೊಂಡೆ. ಆಗ ಗೊಬ್ಬರ ಎದ್ದು ಮಲಗಿದ್ದ ಆ ಕತ್ತಲೆ ಕೋಣೆ ನೆನಪಾಯಿತು. ಕಣ್ಣು ಮುಚ್ಚಿದೆ. ಗೋಡೆಯಾಚೆ ಅವ್ವ ಹೇಗೆ ಕರೆಯುತ್ತಿದ್ದಳೋ ಹಾಗೆ ಇನ್ನೊಂದು ಸಲ ಕರೆದೆ. ಕೊನೆಗೆ ಗಲ್ಲವನ್ನು ಎದೆಗೆ ಇಳಿಸಿದೆ.

ಕಾಲಿಗೆ ಏನೋ ಬಡಿಯಿತು. ಕಣ್ಣು ಬಿಟ್ಟು ನೋಡಿದರೆ ಬಿಳಿ ಮೋರೆಯ ಒಂದು ಮರಿ ನನ್ನ ಕಾಲು ತಾಗಿಕೊಂಡು ಹೊರಗೆ ಜಿಗಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಲ್ಲವೂ, ಬಾಲ ಅಲ್ಲಾಡಿಸುತ್ತ, ಒಂದರ ಮೇಲೊಂದು ಬೀಳುತ್ತ, ನನ್ನ ಧೋತ್ರದ ಎರಡೂ ಕಡೆಯಿಂದ ತಾಯಂದಿರ ಹತ್ತಿರ ಓಡಿದವು. ಹಿಂದೆ ತಿರುಗಿದೆ. ಮಾಯಾಳ ಬಾಯಿ ಇನ್ನೂ ಸೆರಗಿನಲ್ಲಿ ಮುಚ್ಚಿಯೇ ಇತ್ತು, ಕಣ್ಣು ಮಾತ್ರ ನಗುತ್ತಿದ್ದವು.

ನನಗೆ ಕೇಳಲಿಲ್ಲ ಅಕ್ಕಾ. ಮರಿಗಳಿಗೆ ಕೇಳಿತು.

ನಿನ್ನ ತಮ್ಮ
ಶಿವಕಾಂತ